ನೀಮಾ ಕಲಿತ ಎಡ ಬಲ

ಯಾವ ಮನೆಯ ಬೀರುವನ್ನು ತೆರೆದರೂ ಸೀರೆಗಳ ಅಡಿಯಲ್ಲೋ ಶಾಲುಗಳ ಹಿಂದೆಯೋ ಒಂದು ಪ್ಲಾಸ್ಟಿಕ್ ಕವರು ಇದ್ದೇ ಇರುತ್ತದೆ. ನಿಮ್ಮ ಮನೆಯಲ್ಲೂ ಇದೆ, ಬೇಕಾದರೆ ಹುಡುಕಿ ನೋಡಿ. ರೇಷನ್ ಕಾರ್ಡು, ಮನೆ ಕಂದಾಯದ ರಸೀದಿ, ಮಡಿಕೆಯ ಗುಂಟ ಹರಿಯತೊಡಗಿದ ಅಂಕಪಟ್ಟಿ, ಯಾರದೋ ಜಾತಕ, ಆಧಾರ್ ಕಾರ್ಡಿನ ನಾಲ್ಕಾರು ಜೆರಾಕ್ಸು, ಈಗಿನ ಮುಖಕ್ಕೆ ಎಳ್ಳಷ್ಟೂ ಹೊಂದದ ಹಳೆಯ ಭಾವಚಿತ್ರಗಳು ಅದರೊಳಗೆ ಒಂದನ್ನೊಂದು ಒತ್ತಿಕೊಂಡು ಮಲಗಿರುತ್ತವೆ. ಹುಟ್ಟಿದ ಊರಿನಲ್ಲೇ ಬಾಳಿದವರು ಆ ಕವರನ್ನು ವರ್ಷಕ್ಕೊಮ್ಮೆ ತೆರೆದರೆ ಹೆಚ್ಚು. ನಾವು ನಾವೇ ಎನ್ನುವುದಕ್ಕೆ ಸಾಕ್ಷಿ ಹೇಳಲು ಬೀದಿಯ ಹೂವಿನವಳಿದ್ದಾಳೆ, ಎದುರು ಮನೆಯವರಿದ್ದಾರೆ, ಅರ್ಧ ಶತಮಾನದಿಂದ ನಮ್ಮ ತಲೆ ಎಣಿಸುತ್ತಿರುವ ಬಾಗಿಲಿನ ಹೊಸ್ತಿಲಿದೆ. ಬೇರೆ ದೇಶದಿಂದ ಬಂದವರ ಪಾಡು ಹಾಗಲ್ಲ. ಅವರು ಆ ಕವರನ್ನು ಎದೆಗೆ ಅವುಚಿಕೊಂಡೇ ಬರುತ್ತಾರೆ. ಅದು ಕಳೆದರೆ ತಾವೇ ಕಳೆದಂತೆ.

ನೀಮಾ ನಮ್ಮ ಚಾಮರಾಜಪೇಟೆಯ ಮನೆಯ ಮೆಟ್ಟಿಲು ಹತ್ತಿದ್ದು ಹಾಗೆಯೇ. ಒಂದು ಕೈಯಲ್ಲಿ ಕಾಗದಗಳ ಕವರು, ಇನ್ನೊಂದು ಕೈಯಲ್ಲಿ ನನ್ನ ತಮ್ಮನ ತೋಳು.

ನನ್ನ ತಮ್ಮ ಸುಧಾಕರ ಟಾಂಜಾನಿಯಾದಲ್ಲಿ ಗಣಿತದ ಮೇಷ್ಟರಾಗಿದ್ದ. ಎರಡು ವರ್ಷವಿದ್ದು ಬರುತ್ತೇನೆಂದು ಹೊರಟವನು ಅಲ್ಲಿಯೇ ನಿಂತ. ಅದೇ ಶಾಲೆಯ ಮಕ್ಕಳ ವ್ಯಾನು ಓಡಿಸುತ್ತಿದ್ದ ನೀಮಾಳನ್ನು ಮದುವೆಯಾದ. ಅವಳ ಭಾಷೆಯಲ್ಲಿ ಆ ಹೆಸರಿಗೆ ಕೃಪೆ ಎಂದು ಅರ್ಥವಂತೆ. ನಮ್ಮ ಕಿವಿಗೆ ಅದು ನೇಮದಂತೆ ಕೇಳುತ್ತದೆ, ಮತ್ತು ಅವಳನ್ನು ಬಲ್ಲ ಮೇಲೆ ನನಗೆ ಅನಿಸಿದ್ದು, ಅವಳಲ್ಲಿ ಕೃಪೆ ಎಷ್ಟಿತ್ತೋ ನೇಮವೂ ಅಷ್ಟೇ ಇತ್ತು. ಅವರಿಗೆ ಮಕ್ಕಳಾಗಲಿಲ್ಲ. ವ್ಯಾನಿನ ತುಂಬ ಊರವರ ಮಕ್ಕಳಿದ್ದರು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟ ಆ ದಾಂಪತ್ಯದಲ್ಲಿ ಅವಳು ನಮ್ಮ ಮನೆಗೆ ಒಮ್ಮೆಯೂ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎನ್ನುವುದನ್ನು ಹೇಳುವುದಕ್ಕೇ ಈ ಪ್ರಬಂಧವನ್ನು ಬರೆಯಲು ಕುಳಿತಿದ್ದೇನೆ. ಆದರೆ ಕೈ ತುಸು ಹಿಂಜರಿಯುತ್ತಿದೆ, ಸ್ವಲ್ಪ ತಡೆಯಿರಿ.

ಸುಧಾಕರನ ಎರಡೂ ಮೂತ್ರಪಿಂಡಗಳು ಸೋತಿದ್ದವು. ವಾರಕ್ಕೆ ಮೂರು ದಿನ ಡಯಾಲಿಸಿಸ್ ಆಗಬೇಕು. ಕೊನೆಯ ದಿನಗಳೇ ಇವು ಎಂದಾದರೆ ಹುಟ್ಟಿದ ಮನೆಯಲ್ಲಿ ಕಳೆಯಬೇಕು ಎಂಬುದು ಅವನ ಆಸೆ. ಮನೆಯಲ್ಲಿ ಇದ್ದವಳು ನಾನೊಬ್ಬಳೇ. ಮದುವೆಯಾಗದೆ, ಹೈಸ್ಕೂಲಿನಲ್ಲಿ ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ, ಅಮ್ಮನನ್ನು ಕೊನೆಯತನಕ ನೋಡಿಕೊಂಡು, ನಿವೃತ್ತಳಾಗಿ ಕುಳಿತವಳು. ಬಂದವರನ್ನು ಒಳಗೆ ಕರೆದೆ. ತಮ್ಮನನ್ನು 'ನೀನು' ಎಂದೆ, ಅವನ ಹೆಂಡತಿಯನ್ನು 'ನೀವು' ಎಂದೆ. ಕನ್ನಡದ ಬಹುವಚನ ಎಂಥ ಒಳ್ಳೆಯ ಬೇಲಿ, ನೋಡಿ. ಗೌರವದ ಹೂ ಮುಡಿದು ನಿಂತಿರುತ್ತದೆ, ಯಾರನ್ನೂ ಒಳಗೆ ಬಿಡುವುದಿಲ್ಲ.

ಆಸ್ಪತ್ರೆ ಬಸವನಗುಡಿಯ ಆಚೆ. ಮಂಗಳವಾರ, ಗುರುವಾರ, ಶನಿವಾರ ಬೆಳಿಗ್ಗೆ ಆರೂವರೆಗೆ ಅಲ್ಲಿರಬೇಕು. ಸುಧಾಕರ ಬಂದ ವಾರದಲ್ಲೇ ಹಳೆಯದೊಂದು ಸಣ್ಣ ಕಾರು ಕೊಂಡು ಡ್ರೈವರನನ್ನು ಗೊತ್ತು ಮಾಡಿದ. ಆ ಮನುಷ್ಯ ಮೂರು ವಾರ ಸರಿಯಾಗಿ ಬಂದು, ನಾಲ್ಕನೆಯ ವಾರ ಫೋನು ಎತ್ತುವುದನ್ನೇ ನಿಲ್ಲಿಸಿದ. ಅವತ್ತು ಗುರುವಾರ. ಹೋಗುವ ಆಟೊಗಳು ಮಾರ್ಕೆಟ್ಟಿನ ಹೂವಿನ ಮೂಟೆ ಹೊತ್ತು ಹೋಗುತ್ತಿದ್ದವು. ಫೋನಿನಲ್ಲಿ ಕರೆದ ಗಾಡಿ ಬರುತ್ತೇನೆಂದು ತೋರಿಸಿ ಬರಲಿಲ್ಲ. ಮುಕ್ಕಾಲು ಗಂಟೆ ಫುಟ್‌ಪಾತಿನಲ್ಲಿ ನಿಂತಿದ್ದ ನನ್ನ ತಮ್ಮ, ನೀರು ತುಂಬಿ ಊದಿದ ಕಾಲುಗಳು ತಡೆಯದೆ, ವಿದ್ಯುತ್ ಕಂಬವನ್ನು ಹಿಡಿದುಕೊಂಡು ಹಾಗೆಯೇ ಕೆಳಕ್ಕೆ ಜಾರಿ ಕುಳಿತ. ಹತ್ತು ಹೆಜ್ಜೆಯ ಆಚೆ ಗೇಟಿನೊಳಗೆ ಕಾರು ನಿಂತಿತ್ತು. ಅದರ ಪಕ್ಕದಲ್ಲಿ, ಹದಿನೆಂಟು ವರ್ಷ ವ್ಯಾನು ಓಡಿಸಿದ ಹೆಂಗಸು ನಿಂತಿದ್ದಳು.

ಅವಳು ಯಾಕೆ ಆ ಹೊತ್ತಿನಲ್ಲಿ ಕಾರು ತೆಗೆಯಲಿಲ್ಲ ಎಂದು ನೀವು ಕೇಳಬಹುದು. ಎದುರು ಮನೆಯವರೂ ಕೇಳಿದರು. ಅವಳ ಊರಿನ ಲೈಸೆನ್ಸು ಇಲ್ಲಿ ನಡೆಯುವಂಥದ್ದಲ್ಲ. ಬೆಳಗಿನ ಹೊತ್ತು ಯಾರೂ ಹಿಡಿಯುವುದಿಲ್ಲ, ಓಡಿಸಲಿ ಬಿಡಿ ಎಂದರು ಬೀದಿಯವರು. ನೀಮಾ ತಲೆಯಾಡಿಸಿದಳು. ಅರ್ಧ ಇಂಗ್ಲಿಷು, ಅರ್ಧ ಗಂಡನಿಂದ ಕಲಿತ ಅಡುಗೆಮನೆಯ ಕನ್ನಡದಲ್ಲಿ ಅವಳು ಹೇಳಿದ್ದು ಇಷ್ಟು: ಗಾಡಿಯಲ್ಲಿ ಕೂತವರು ಕಣ್ಣು ಮುಚ್ಚಿ ನಿದ್ದೆ ಮಾಡುತ್ತಾರೆ, ಓಡಿಸುವವಳ ಕಾಗದ ಸರಿಯಿರಬೇಕು, ಅದಿಲ್ಲದೆ ತಾನು ಒಂದು ದಿನವೂ ಚಕ್ರ ಹಿಡಿದಿಲ್ಲ. ಆ ದಿನ ಕೊನೆಗೆ ಹಾಲಿನ ವ್ಯಾನಿನವರು ಸುಧಾಕರನನ್ನು ಆಸ್ಪತ್ರೆಗೆ ಮುಟ್ಟಿಸಿದರು. ಸಂಜೆ ನೀಮಾ ತನ್ನ ಪ್ಲಾಸ್ಟಿಕ್ ಕವರನ್ನು ಊಟದ ಮೇಜಿನ ಮೇಲೆ ಬಿಚ್ಚಿ ಹರಡಿದಳು.

ಪರವಾನಗಿ ಎಂಬ ಮಾತನ್ನು ನಾನು ಅದೆಷ್ಟು ಸಲ ಕಪ್ಪು ಹಲಗೆಯ ಮೇಲೆ ಬರೆದಿದ್ದೆನೋ, ಅದರ ತೂಕ ತಿಳಿದದ್ದು ಆ ಸಂಜೆ. ಪಾಸ್‌ಪೋರ್ಟು ಇತ್ತು, ವೀಸಾ ಇತ್ತು, ರಕ್ತದ ಗುಂಪಿನ ಚೀಟಿ ಇತ್ತು. ಇಲ್ಲದೆ ಇದ್ದದ್ದು ವಿಳಾಸ. ಈ ಹೆಂಗಸು ಈ ಮನೆಯಲ್ಲಿ ವಾಸವಾಗಿದ್ದಾಳೆ, ತನಗೆ ಇಂಥ ಸಂಬಂಧದವಳು ಎಂದು ಮನೆಯ ಒಡತಿ ಕೈಯಾರೆ ಬರೆದು ಸಹಿ ಹಾಕಿಕೊಡಬೇಕು. ಮನೆ ಅಮ್ಮನ ನಂತರ ನನ್ನ ಹೆಸರಿನಲ್ಲಿತ್ತು.

ಗೆರೆಯಿಲ್ಲದ ಹಾಳೆಯೊಂದನ್ನು ತೆಗೆದುಕೊಂಡು ಕುಳಿತೆ. 'ಮೇಲ್ಕಂಡ ಶ್ರೀಮತಿ ನೀಮಾ ಅವರು ನನ್ನ ತಮ್ಮನ ಹೆಂಡತಿ' ಎಂದು ಬರೆಯಬೇಕು. ಸಾವಿರ ಮಕ್ಕಳಿಗೆ ಪತ್ರಲೇಖನ ಕಲಿಸಿದ ಕೈ 'ನನ್ನ' ಎಂಬಲ್ಲಿಗೆ ಬಂದು ನಿಂತುಬಿಟ್ಟಿತು. ಬರೆದು ಮುಗಿಸಿದಾಗ ನೀಮಾ ಹಾಳೆಯನ್ನು ಎತ್ತಿಕೊಂಡು ಬಹಳ ಹೊತ್ತು ನೋಡಿದಳು. ಓದಲು ಅವಳಿಗೆ ಬಾರದು. ಆದರೂ ನೋಡಿದಳು.

"ಈ ಅಕ್ಷರ ನಂಗೆ ಗೊತ್ತು," ಎಂದಳು.

ನಾನು ಹಾಳೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮಡಿಸಿಬಿಟ್ಟೆ. ಏಕೆಂದರೆ ಆ ದುಂಡನೆಯ ಅಕ್ಷರದಲ್ಲಿ ನಾನು ಅವಳ ಕುರಿತು ಬರೆದದ್ದು ಅದೇ ಮೊದಲಲ್ಲ.

ಈಗ ಹೇಳಿಬಿಡುತ್ತೇನೆ. ಸುಧಾಕರ ಮದುವೆಯಾದ ಸುದ್ದಿ ಬಂದಾಗ ಅಮ್ಮನಿಗೆ ಕಣ್ಣು ಮಸುಕಾಗಿತ್ತು; ಅವಳ ಪತ್ರಗಳನ್ನೆಲ್ಲ ಬರೆಯುತ್ತಿದ್ದವಳು ನಾನು. ಮೂರು ದಿನ ಮಾತಿಲ್ಲದೆ ಇದ್ದ ಅಮ್ಮ ನಾಲ್ಕನೆಯ ದಿನ, ಏನು ಬರೆಯಬೇಕೋ ನೀನೇ ಬರಿ, ನನಗೆ ತೋಚುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಮಲಗಿದಳು. ಅಮ್ಮ ಬೇಡವೆನ್ನಲಿಲ್ಲ, ಬಾ ಎನ್ನಲೂ ಇಲ್ಲ. ಆ ನಡುವಿನ ಜಾಗದಲ್ಲಿ ಲೇಖನಿ ಹಿಡಿದು ಕುಳಿತವಳು ನಾನು. 'ನೀನು ಬರುವುದಾದರೆ ಒಬ್ಬನೇ ಬಾ' ಎಂದು ಬರೆದು, ಕೆಳಗೆ 'ಇಂತಿ ನಿನ್ನ ಅಮ್ಮ' ಎಂದು ಸಹಿಯನ್ನೂ ನಾನೇ ಹಾಕಿದೆ. ಜಾತಿ, ಬಣ್ಣ, ಜನ ಏನೆಂದಾರು ಎಂಬ ಭಯ, ಇವೆಲ್ಲ ಇದ್ದವು, ಇಲ್ಲವೆನ್ನಲಾರೆ. ಅವುಗಳ ತಳದಲ್ಲಿ ಇನ್ನೊಂದಿತ್ತು. ಅವನು ಹೋದ, ನಾನು ಉಳಿದೆ. ಅವನಿಗೆ ಕಡಲಾಚೆ ಒಂದು ಬಾಳು ಸಿಕ್ಕಿತು. ನನಗೆ ಅಮ್ಮನ ಔಷಧಿಯ ಹೊತ್ತು, ಮೌಲ್ಯಮಾಪನದ ಕಟ್ಟುಗಳು. ಅವನ ಬಾಳಿನಿಂದ ಏನನ್ನಾದರೂ ಕಿತ್ತುಕೊಳ್ಳಬೇಕೆನಿಸಿತ್ತು. ನಾಲ್ಕು ಪದಗಳಲ್ಲಿ ಕಿತ್ತುಕೊಂಡೆ. ಆಮೇಲೆ ಅವನು ಎರಡು ಸಲ ಬಂದ, ಒಬ್ಬನೇ. ಅಮ್ಮ ತೀರಿಕೊಂಡಾಗಲೂ ಒಬ್ಬನೇ ಬಂದ. ಅಮ್ಮ ಕೊನೆಯ ವರ್ಷ ಒಂದು ಸಲ ಕೇಳಿದ್ದುಂಟು, ಅವನ ಹೆಂಡತಿ ಯಾಕೆ ಬರುವುದಿಲ್ಲ ಎಂದು. ಅವಳಿಗೆ ರಜೆ ಸಿಗುವುದಿಲ್ಲ ಅಂದೆ.

ಕಂಪ್ಯೂಟರಿನ ಮುಂದೆ ಕುಳಿತು ರಸ್ತೆ ಚಿಹ್ನೆಗಳ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ನೀಮಾ ಕಲಿಕಾ ಪರವಾನಗಿ ಪಡೆದಳು. ಕಲಿಯಲಿಕ್ಕೂ ಅಪ್ಪಣೆ ಬೇಕು ಎನ್ನುವ ಆ ಕಲ್ಪನೆ ನನಗೆ ಇಷ್ಟವಾಯಿತು. ತಪ್ಪು ಮಾಡುವವರು ಬರುತ್ತಿದ್ದಾರೆ, ತುಸು ತಾಳ್ಮೆಯಿರಲಿ ಎಂದು ಗಾಡಿಯ ಹಿಂದೆ ಮುಂದೆ ಕೆಂಪು ಅಕ್ಷರ ಅಂಟಿಸಿಕೊಂಡು ಹೊರಡಬಹುದು. ಉಳಿದ ಬಾಳಿನಲ್ಲಿ ಅಂಥ ಅನುಕೂಲ ಯಾರು ಮಾಡಿಕೊಟ್ಟಿದ್ದಾರೆ?

ಜೊತೆಗೆ ಲೈಸೆನ್ಸು ಇದ್ದವರೊಬ್ಬರು ಕೂರಬೇಕಲ್ಲ, ಅದಕ್ಕೆ ಡ್ರೈವಿಂಗ್ ಶಾಲೆಯ ಶಿವಣ್ಣನವರನ್ನು ಹಿಡಿದೆವು. ಮಂಡ್ಯದ ಕಡೆಯಿಂದ ಎಳೆಯ ವಯಸ್ಸಿನಲ್ಲಿ ಬಂದು, ನಮ್ಮ ಪೇಟೆಯ ಅರ್ಧ ಜನಕ್ಕೆ ಕ್ಲಚ್ಚು ಬ್ರೇಕು ಕಲಿಸಿದವರು. ಆಸ್ಪತ್ರೆಯ ದಿನಗಳಲ್ಲಿ ಬೆಳಿಗ್ಗೆ ಸುಧಾಕರನನ್ನು ಕರೆದೊಯ್ಯುವುದನ್ನೂ ಅವರೇ ಒಪ್ಪಿಕೊಂಡರು. ಪಾಠಕ್ಕೆ ದಿನಾ ಸಂಜೆ ನಾಲ್ಕಕ್ಕೆ ಬರುವರು; ಸುಧಾಕರನ ಒತ್ತಾಯಕ್ಕೆ ನಾನೂ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ. ಚಾಮರಾಜಪೇಟೆಯ ರಸ್ತೆಗಳನ್ನು ನೀವು ನೋಡಿದ್ದೀರಿ, ಕಾಪಿ ಪುಸ್ತಕದ ಗೆರೆಗಳಂತೆ ಉದ್ದಕ್ಕೆ ಮೇನ್ ರೋಡುಗಳು, ಅಡ್ಡಕ್ಕೆ ಕ್ರಾಸುಗಳು. ಬರೆಯುವವರು ಮಾತ್ರ ಯಾರೂ ಗೆರೆಯ ಮೇಲೆ ಬರೆಯುವುದಿಲ್ಲ. ಹತ್ತು ನಿಮಿಷದಲ್ಲಿ ಶಿವಣ್ಣನವರಿಗೆ ಅರ್ಥವಾಯಿತು, ಈ ಹೆಂಗಸಿಗೆ ಗಾಡಿ ಕಲಿಸಬೇಕಾದ್ದಿಲ್ಲ, ಊರು ಕಲಿಸಬೇಕು. ಅವಳು ಮುಂದಿನ ಗಾಡಿಗೂ ತನಗೂ ನಡುವೆ ಜಾಗ ಬಿಡುತ್ತಿದ್ದಳು. ಬಿಟ್ಟ ಜಾಗಕ್ಕೆ ಒಂದು ಸ್ಕೂಟರು, ಅದರ ಪಕ್ಕಕ್ಕೆ ಒಂದು ಆಟೊ, ಅದರ ಮೂತಿಗೆ ಒಂದು ತಳ್ಳುಗಾಡಿ ಬಂದು ನಿಲ್ಲುತ್ತಿದ್ದವು.

"ಮೇಡಂ, ಹಿಂಗ್ ಗ್ಯಾಪ್ ಬಿಟ್ರೆ ಬೇರೆಯವ್ರು ಬಂದ್ ಸೇರ್ಕೋತಾರೆ," ಎಂದರು ಶಿವಣ್ಣ.

"ಸೇರ್ಕೊಳ್ಳಲಿ," ಎಂದಳು ನೀಮಾ.

ಹಿಂದೆ ಕುಳಿತಿದ್ದ ನಾನು ಕಿಟಕಿಯ ಹೊರಗೆ ನೋಡಿದೆ.

ತಿಂಗಳು ಕಳೆದ ಮೇಲೆ ಪರೀಕ್ಷೆಗೆ ಹೋದೆವು. ಎಂಟರ ಆಕಾರದಲ್ಲಿ ಸುತ್ತಿದ್ದು, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದಂತೆ ಹೊರಟಿದ್ದು, ಎಲ್ಲ ನೀರು ಕುಡಿದಷ್ಟು ಸಲೀಸು. ಕೊನೆಗೆ ಇನ್‌ಸ್ಪೆಕ್ಟರರು ಪಕ್ಕದಲ್ಲಿ ಕುಳಿತು ರಸ್ತೆಗೆ ಕರೆದೊಯ್ದರು. ಎಡಕ್ಕೆ ತಗೊಳ್ಳಿ ಎಂದರಂತೆ, ನೇರ ಹೋದಳು. ಬಲಕ್ಕೆ ಎಂದರಂತೆ, ಎಡಕ್ಕೆ ತಿರುಗಿದಳು. ಎಡಬದಿಯಲ್ಲಿ ಬರುತ್ತಿದ್ದ ಬೈಕಿನವನು ಗಕ್ಕನೆ ನಿಂತ. ತಿರುಗಿ ಬಂದ ಮೇಲೆ ಆ ಅಧಿಕಾರಿ ನನ್ನನ್ನು ಕರೆದು ಮೃದುವಾಗಿಯೇ ಹೇಳಿದರು. ಓಡಿಸುವುದರಲ್ಲಿ ತಪ್ಪಿಲ್ಲ, ಆದರೆ ನಾಳೆ ರಸ್ತೆಯಲ್ಲಿ ಪೊಲೀಸರು ಎಡಕ್ಕೆ ಹೋಗಿ ಅಂದರೆ ತಿಳಿಯಬೇಕಲ್ಲ, ಒಂದು ವಾರ ಬಿಟ್ಟು ಕರೆದುಕೊಂಡು ಬನ್ನಿ ಎಂದರು. ಅವರನ್ನು ದೂರಲು ನನಗೆ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ಹೇಳಿ ಎಂದು ಕೇಳಬಾರದಿತ್ತೇ ಎಂದು ನೀಮಾಳನ್ನು ಕೇಳಿದ್ದಕ್ಕೆ, ಕೇಳಬೇಕು ಅನಿಸಲಿಲ್ಲ ಅಂದಳು. ಶಿವಣ್ಣನವರು ಓಡಿಸುತ್ತಿದ್ದ ಕಾರಿನಲ್ಲಿ ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಆ ಕೈಗಳು ಕೆಲಸವಿಲ್ಲದೆ ಇದ್ದುದನ್ನು ನಾನು ನೋಡಿದ್ದು ಅದೇ ಮೊದಲು.

ಇಪ್ಪತ್ತು ವರ್ಷ ಜೊತೆಗಿದ್ದ ಗಂಡ ಅವಳಿಗೆ ಎಡ ಬಲ ಕಲಿಸಿರಲಿಲ್ಲ; ಶಿವಣ್ಣನವರದು ತಿಂಗಳಿಡೀ ಬರೀ ಲೆಫ್ಟು ರೈಟು. ಅನ್ನ, ನೀರು, ಸಾಕು, ಬಾ, ಮಲಗು, ಇಷ್ಟರಲ್ಲೇ ಅವರ ಕನ್ನಡ ಸಂಸಾರ ಮಾಡಿತ್ತು. ಇದು ನನ್ನ ಕಸುಬು. ಅಂದು ಸಂಜೆಯೇ ಸುಧಾಕರನ ಮಂಚದ ಪಕ್ಕ ಪಾಠ ಶುರುವಾಯಿತು. ನಾವು ಅಳೆದು ಕೊಟ್ಟ ಲೋಟದ ನೀರನ್ನು ಅವನು ಗುಟುಕು ಗುಟುಕಾಗಿ ಹೀರುತ್ತ ನೋಡುತ್ತಿದ್ದ. ಎಡಗೈ, ಬಲಗೈ, ಮುಂದೆ, ಹಿಂದೆ, ತಿರುಗಿಸಿ, ನಿಲ್ಲಿಸಿ. ಬಲ ಅಂದರೆ ಶಕ್ತಿ ಎಂದೂ ಆಗುತ್ತದೆ ಎಂದು ಹೇಳಿದೆ. ಹಾಗಾದರೆ ಎಡ ಎಂದರೆ ಶಕ್ತಿ ಇಲ್ಲದ್ದೇ ಎಂದು ಅವಳು ಕೇಳಿದಳು. ಡಯಾಲಿಸಿಸ್ಸಿನ ಸೂಜಿ ಚುಚ್ಚುವುದು ಸುಧಾಕರನ ಎಡಗೈಗೆ. ಅಲ್ಲಿನ ಊದಿದ ನಾಳದ ಮೇಲೆ ಬೆರಳಿಟ್ಟರೆ ಒಳಗೆ ದುಂಬಿ ಸುಳಿದಂತೆ ಗುಂಯ್ ಎನ್ನುತ್ತಿತ್ತು. ಆ ಗುಂಯ್ ಇರುವವರೆಗೆ ಜೀವ. ನೀಮಾ ಅದರ ಮೇಲೆ ಬೆರಳಿಟ್ಟು, "ಎಡ," ಎಂದಳು. ಅದಾದ ಮೇಲೆ ಅವಳು ಆ ಮಾತನ್ನು ತಪ್ಪಲಿಲ್ಲ.

ಎರಡನೆಯ ದಿನವೇ ಅವಳು ಅಕ್ಷರಗಳನ್ನೂ ಕೇಳಿದಳು. ಬೋರ್ಡು ಓದಲು ಬಂದರೆ ಒಳ್ಳೆಯದಲ್ಲವೇ ಎಂಬುದು ಅವಳ ವಾದ. ಸ್ವರ ಮುಗಿಸಿ ವ್ಯಂಜನಕ್ಕೆ ಬಂದೆವು. ಒತ್ತಕ್ಷರ ಬಂದಾಗ ನಗುತ್ತಿದ್ದಳು, ಒಂದರ ಕಾಲ ಕೆಳಗೆ ಒಂದು ಕೂತಿದೆ ಎಂದು. ಆರನೆಯ ದಿನ ಮಧ್ಯಾಹ್ನ ಸುಧಾಕರ ನಿದ್ದೆ ಹೋಗಿದ್ದ. ನಾನು ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದೆ. ನೀಮಾ ತನ್ನ ಪ್ಲಾಸ್ಟಿಕ್ ಕವರಿನಿಂದ ಒಂದು ನೀಲಿ ಅಂತರ್ದೇಶೀಯದಂಥ ಕಾಗದ ತೆಗೆದುಕೊಂಡು ಬಂದು ಎದುರಿಗೆ ಕುಳಿತಳು. ಮುದ್ರಿತ ಅಕ್ಷರಕ್ಕಿಂತ ಇದು ದೊಡ್ಡದಾಗಿ, ಚೆಂದವಾಗಿ ಇದೆ, ಓದಿ ಅಭ್ಯಾಸ ಮಾಡುತ್ತೇನೆ ಎಂದಳು. ಅತ್ತೆಗೆ ಹುಷಾರಿಲ್ಲ, ಈಗ ಬೇಡ, ಮುಂದೆ ಬನ್ನಿ ಎಂದು ಇದರಲ್ಲಿ ಬರೆದಿದೆಯಂತೆ. ಸುಧಾಕರ ಹಾಗೆ ಓದಿ ಹೇಳಿದ್ದನಂತೆ. ಮನೆಯಿಂದ ತನ್ನ ವಿಷಯಕ್ಕೆ ಬಂದ ಒಂದೇ ಕಾಗದವೆಂದು ಅವಳು ಅದನ್ನು ಇಷ್ಟು ವರ್ಷ ಇಟ್ಟುಕೊಂಡಿದ್ದಳು.

ನಾನು ಕೈ ಚಾಚುವಷ್ಟರಲ್ಲಿ ಅವಳ ಬೆರಳು ಸಾಲಿನ ಮೇಲೆ ಸರಿಯತೊಡಗಿತ್ತು. ಒ. ಬ್ಬ. ನೇ. ಬಾ.

"ಅಕ್ಕ, 'ಬಾ' ಗೊತ್ತು. 'ಒಬ್ಬನೇ' ಅಂದ್ರೆ ಏನು?"

ನನಗೆ ಸುಳ್ಳು ಹೇಳಲು ಬರುತ್ತಿತ್ತು. ಸುಧಾಕರ ಇಪ್ಪತ್ತು ವರ್ಷ ಕಾಪಾಡಿಕೊಂಡು ಬಂದ ಸುಳ್ಳು ಅಲ್ಲೇ ಸಿದ್ಧವಾಗಿತ್ತು. ಬೇಗ ಬಾ ಎಂದರ್ಥ ಅನ್ನಬಹುದಿತ್ತು. ಆದರೆ ಅವಳು ನನ್ನ ವಿದ್ಯಾರ್ಥಿನಿ, ಅರ್ಥ ಕೇಳುತ್ತಿದ್ದಾಳೆ. ಜೀವಮಾನದಲ್ಲಿ ಯಾವ ವಿದ್ಯಾರ್ಥಿಗೂ ನಾನು ಒಂದು ಪದದ ಅರ್ಥವನ್ನು ತಿರುಚಿ ಹೇಳಿರಲಿಲ್ಲ.

"ನಿನ್ನ ಬಿಟ್ಟು ಅಂತ," ಎಂದೆ. "ಅಮ್ಮ ಹೇಳಿದ್ದಲ್ಲ. ನಾನು ಬರೆದದ್ದು."

ಮೊದಲ ಸಲ 'ನಿನ್ನ' ಎಂದಿದ್ದೆ. ಬೇಲಿ ತೆಗೆಯಲು ನನಗೆ ಸಿಕ್ಕಿದ್ದು ಅಂಥ ಹೊತ್ತು.

ಅವಳು ಕಾಗದವನ್ನು ಅದರ ಹಳೆಯ ಮಡಿಕೆಗಳಲ್ಲೇ ಮಡಿಸಿದಳು. ಆಮೇಲೆ ನಿಧಾನವಾಗಿ, ಇಂಗ್ಲಿಷಿನಲ್ಲಿ ಹೇಳತೊಡಗಿದಳು. ಆ ಕಾಗದ ಬಂದ ದಿನ ಸುಧಾಕರ ಬಾಗಿಲಲ್ಲಿ ನಿಂತೇ ಅದನ್ನು ಓದಿ, ಹೋಗಿ ಖಾಲಿ ವ್ಯಾನಿನಲ್ಲಿ ಸಂಜೆಯ ತನಕ ಕುಳಿತಿದ್ದನಂತೆ. ಒಳ್ಳೆಯ ಸುದ್ದಿ ಓದಿದವರು ಹಾಗೆ ಕೂರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತಂತೆ. ಏನೆಂದು ಮಾತ್ರ ಗೊತ್ತಿರಲಿಲ್ಲ. ಅವಳು ಅಳಲಿಲ್ಲ, ಅತ್ತಿದ್ದರೆ ನನಗೆ ಹಗುರವಾಗುತ್ತಿತ್ತೇನೋ. ಎದ್ದು ನಿಂತು, ನಾಳೆ ಪಾಠ ಇದೆಯಲ್ಲ ಎಂದು ಕೇಳಿದಳು. ಇದೆ ಅಂದೆ.

ಪಾಠ ನಡೆಯಿತು. ಅದರಾಚೆ ಮಾತು ನಡೆಯಲಿಲ್ಲ. ನಾನು ಮಾಡಿದ ಸಾರು ತಿನ್ನುತ್ತಿದ್ದಳು, ಬಟ್ಟಲು ತೊಳೆದಿಡುತ್ತಿದ್ದಳು, ನನ್ನ ಮುಖ ನೋಡುತ್ತಿರಲಿಲ್ಲ. ಕ್ಷಮೆಯ ಬಗ್ಗೆ ಮಕ್ಕಳಿಗೆ ಎಷ್ಟೋ ಪದ್ಯಗಳನ್ನು ಪಾಠ ಮಾಡಿದ್ದೇನೆ. ಅವುಗಳಲ್ಲಿ ಕ್ಷಮೆ ಬೆಳಕಿನಂತೆ ಒಮ್ಮೆಲೇ ಬರುತ್ತದೆ. ಮನೆಯಲ್ಲಿ ಹಾಗೆ ಬರುವುದಿಲ್ಲ. ಅದಕ್ಕೂ ತನ್ನದೇ ಒಂದು ಕಲಿಕೆಯ ಅವಧಿ ಇದೆಯೇನೋ, ಯಾರೂ ಅದನ್ನು ಮುಂಚಿತವಾಗಿ ಮುಗಿಸಿಕೊಡಲಾರರು.

ಎರಡನೆಯ ಪರೀಕ್ಷೆಯಲ್ಲಿ ಅದೇ ಅಧಿಕಾರಿ. ಈ ಸಲ ಅವರು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ನಿಲ್ಲಿಸಿ ಎಂದಾಗ ನಿಲ್ಲಿಸಿ, ಹಿಂದಿನಿಂದ ಗಾಡಿ ಬರ್ತಿದೆ, ಆಮೇಲೆ ಬಾಗಿಲು ತೆಗೀರಿ ಎಂದು ಅವರಿಗೇ ಕನ್ನಡದಲ್ಲಿ ಹೇಳಿದಳಂತೆ. ಅವರು ನಗುತ್ತ ಇಳಿದು ಬಂದರು. ಕಾರ್ಡು ಅಂಚೆಯಲ್ಲಿ ಬಂತು. ಸುಧಾಕರ ಅದನ್ನು ಬೆಳಕಿಗೆ ಹಿಡಿದು, ಅವಳ ಹೆಸರಿನ ಕೆಳಗೆ ನಮ್ಮ ಮನೆಯ ನಂಬರು, ನಮ್ಮ ಕ್ರಾಸು, ನಮ್ಮ ಪೇಟೆ ಇರುವುದನ್ನು ಗಟ್ಟಿಯಾಗಿ ಓದಿದ. ಎರಡು ಸಲ ಓದಿದ.

ಆಮೇಲಿನ ಏಳು ತಿಂಗಳು ವಾರಕ್ಕೆ ಮೂರು ಬೆಳಿಗ್ಗೆ ನೀಮಾ ಗಂಡನನ್ನು ಆಸ್ಪತ್ರೆಗೆ ಕರೆದೊಯ್ದಳು. ನಾನು ಹಿಂದೆ ಕೂರುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಹೂವಿನವರು ಇನ್ನೂ ಗೋಣಿ ಹಾಸುತ್ತಿರುವಾಗ ನಾವು ದಾಟುತ್ತಿದ್ದೆವು. ಸುಧಾಕರ ಗಾಜು ಇಳಿಸಿ, ಸೇವಂತಿಗೆಯ ವಾಸನೆಗೆ ಕಣ್ಣು ಮುಚ್ಚುತ್ತಿದ್ದ. ಹಿಂದಿನ ಕ್ರಾಸಿನ ನಂಜುಂಡಪ್ಪ ಎಂಬ ಹಿರಿಯರು ಅದೇ ಹೊತ್ತಿಗೆ ಅದೇ ಆಸ್ಪತ್ರೆಗೆ ಆಟೊ ಹುಡುಕಿಕೊಂಡು ಹೋಗುವುದು ತಿಳಿದ ಮೇಲೆ, ಅವರನ್ನೂ ಹತ್ತಿಸಿಕೊಳ್ಳತೊಡಗಿದಳು. ಒಂದು ಕಾಲದಲ್ಲಿ ಪಾತ್ರೆ ಅಂಗಡಿ ಇಟ್ಟಿದ್ದವರು, ಮಿತಭಾಷಿ, ನನ್ನ ಪಕ್ಕದಲ್ಲಿ ಊರುಗೋಲನ್ನು ಮೊಣಕಾಲ ನಡುವೆ ಹಿಡಿದು ಕೂರುತ್ತಿದ್ದರು. ಡ್ರೈವಿಂಗ್ ಬಗ್ಗೆ ಅವರು ಹೇಳಿದ್ದು ಒಂದೇ ಮಾತು. ಇವಳ ಗಾಡಿಯಲ್ಲಿ ಸೂಜಿ ಚುಚ್ಚಿದ ಕೈ ಅಲುಗುವುದಿಲ್ಲ ಎಂದು.

ಒಂದು ಶನಿವಾರ ನಂಜುಂಡಪ್ಪನವರಿಲ್ಲದ ದಿನ, ನೀಮಾ ಔಷಧಿ ತರಲು ಇಳಿದಿದ್ದಾಗ, ಕಾರಿನಲ್ಲಿ ನಾನೂ ಸುಧಾಕರನೂ ಇಬ್ಬರೇ ಇದ್ದೆವು. ಅವನ ಬೆನ್ನಿಗೆ ಹೇಳುವುದು ಮುಖಕ್ಕೆ ಹೇಳುವುದಕ್ಕಿಂತ ಸುಲಭ ಅನಿಸಿತು. ಆ ಕಾಗದದ ಮಾತು ಅಮ್ಮನದಲ್ಲ ಎಂದೆ.

ಅವನು ತಿರುಗಿ ನೋಡಲಿಲ್ಲ. "ಗೊತ್ತು ಅಕ್ಕ. 'ಬರುವುದಾದರೆ' ಅಂತ ಅಮ್ಮ ಯಾವತ್ತು ಮಾತಾಡಿದ್ಳು? ಅದು ಟೀಚರ್ ಕನ್ನಡ."

ಗೊತ್ತಿದ್ದೂ ಯಾಕೆ ಕೇಳಲಿಲ್ಲ ಎಂದೆ.

ಅವನು ಪಕ್ಕದ ಗಾಜು ಇಳಿಸಿದ. "ಅವಳನ್ನ ಕರ್ಕೊಂಡು ಬಂದು ಬಾಗಿಲಲ್ಲಿ ನಿಂತಿದ್ರೆ ನೀನು ಒಳಗೆ ಕರೀತಿದ್ದೆ. ಅದೂ ಗೊತ್ತಿತ್ತು. ನಂಗೇ ಧೈರ್ಯ ಸಾಲಲಿಲ್ಲ. ತಪ್ಪನ್ನ ಕಾಗದದ ಮೇಲೆ ಹಾಕಿ ಸುಮ್ನಿದ್ದೆ."

ಅವನು ನನ್ನ ತಪ್ಪಿನ ಅರ್ಧವನ್ನು ತನ್ನ ಕಡೆಗೆ ಎಳೆದುಕೊಂಡ. ಅದು ನಿಜವೋ, ಅಕ್ಕನ ಮೇಲಿನ ಮರುಕವೋ, ನನಗೆ ಇಂದಿಗೂ ತೀರ್ಮಾನಿಸಲು ಆಗಿಲ್ಲ. ಹೊರಗೆ ನೀಮಾ ಔಷಧಿಯ ಚೀಲ ಹಿಡಿದು ರಸ್ತೆ ದಾಟಲು ನಿಂತಿದ್ದಳು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ ಬಂದಳು.

ಮಾಘದ ಒಂದು ಬೆಳಿಗ್ಗೆ, ಡಯಾಲಿಸಿಸ್ಸಿನ ನಡುವೆಯೇ ಸುಧಾಕರನ ಹೃದಯ ನಿಂತಿತು. ಅವನ ಎಡಗೈಯ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದ ನೀಮಾಳಿಗೆ ಅದು ಯಂತ್ರಕ್ಕಿಂತ ಮೊದಲೇ ತಿಳಿಯಿತು ಎಂದು ಅಲ್ಲಿಯ ನರ್ಸು ಹೇಳಿದಳು. ಅವನನ್ನು ಮನೆಗೆ ತಂದದ್ದು ಆಸ್ಪತ್ರೆಯ ಗಾಡಿ. ಅದರ ಹಿಂದೆ ನಮ್ಮ ಕಾರನ್ನು ನೀಮಾ ಓಡಿಸಿಕೊಂಡು ಬಂದಳು. ನಾನು ಹಿಂದೆ ಕುಳಿತಿದ್ದೆ. ಎಲ್ಲ ಸಿಗ್ನಲ್ಲುಗಳಲ್ಲೂ ಅವಳು ನಿಂತಳು, ಎಲ್ಲ ತಿರುವುಗಳಲ್ಲೂ ದೀಪ ಹಾಕಿದಳು. ಮನೆಯ ಗೇಟಿನೊಳಗೆ ಗಾಡಿ ನಿಲ್ಲಿಸಿ, ಕೀಲಿ ತೆಗೆದು, ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ನಾನು ಹಿಂದಿನಿಂದ ಅವಳ ಭುಜದ ಮೇಲೆ ಕೈ ಇಟ್ಟೆ. ಅವಳು ಅದನ್ನು ಸರಿಸಲಿಲ್ಲ.

ಕರ್ಮಗಳಿಗೆ ಬಂದ ನೆಂಟರು ನನ್ನನ್ನು ಒಳಗೆ ಕರೆದು ಕೇಳಿದ ಪ್ರಶ್ನೆ ಒಂದೇ, ಅವಳು ಯಾವಾಗ ಹೊರಡುತ್ತಾಳೆ ಎಂದು. ಅವಳ ಮನೆ ಇದು, ಅವಳನ್ನೇ ಕೇಳಿ ಅಂದೆ. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಉತ್ತರದ ಭಯಕ್ಕೆ. ಅವಳಿಗೆ ಅಲ್ಲಿ ತಾಯಿಯಿದ್ದಾಳೆ, ತಂಗಿಯರಿದ್ದಾರೆ, ಕೈ ಬೀಸಿ ಕರೆಯುವ ಬೀದಿಯಿದೆ. ಅವಳು ಇಲ್ಲಿಗೆ ಬಂದದ್ದು ಒಬ್ಬ ಮನುಷ್ಯನ ಸಲುವಾಗಿ. ಅವನು ಈಗ ಗೋಡೆಯ ಮೇಲಿನ ಪಟವಾಗಿದ್ದ.

ವೈಕುಂಠ ಸಮಾರಾಧನೆ ಕಳೆದು ಬಂದ ಮಂಗಳವಾರ. ಐದೂಮುಕ್ಕಾಲಿಗೆ ಗೇಟಿನ ಚಿಲಕದ ಸದ್ದಿಗೆ ಎಚ್ಚರವಾಗಿ, ಶಾಲು ಹೊದ್ದು ಹೊರಗೆ ಬಂದೆ. ನೀಮಾ ಕಾರಿನ ಗಾಜಿನ ಮೇಲಿನ ಇಬ್ಬನಿಯನ್ನು ಬಟ್ಟೆಯಿಂದ ಒರೆಸುತ್ತಿದ್ದಳು. ಈ ಎರಡು ವಾರ ನಂಜುಂಡಪ್ಪನವರು ಆಟೊ ಹುಡುಕಿಕೊಂಡು ಹೋಗಿದ್ದರು. ಹಿಂದಿನ ಸಂಜೆ ಅವಳೇ ಅವರಿಗೆ ಫೋನು ಮಾಡಿ, ಬರುತ್ತೇನೆ, ತಯಾರಾಗಿರಿ ಎಂದಿದ್ದಳಂತೆ.

"ನಾನೂ ಬರಲಾ?" ಎಂದೆ.

ಅವಳು ನನ್ನನ್ನು ನೋಡಿದಳು. ಆಮೇಲೆ ಎಡಗಡೆಯ ಬಾಗಿಲು ತೆಗೆದು, ಮುಂದಿನ ಸೀಟಿನಲ್ಲಿ ಸುಧಾಕರನ ಬೆನ್ನಿಗೆಂದು ಇಟ್ಟಿದ್ದ ದಿಂಬನ್ನು ಎತ್ತಿ, ಒಂದು ಕ್ಷಣ ಕೈಯಲ್ಲೇ ಹಿಡಿದಿದ್ದು, ಹಿಂದೆ ನಂಜುಂಡಪ್ಪನವರು ಕೂರುವ ಜಾಗದಲ್ಲಿ ಇಟ್ಟಳು. ಮುಂದೆ ಕೂತ್ಕೊಳ್ಳಿ ಎಂದಳು. ನಾನು ಆ ಕಾರಿನಲ್ಲಿ ಮುಂದೆ ಕುಳಿತವಳಲ್ಲ. ಪಕ್ಕದಲ್ಲಿ ನೇತಾಡುತ್ತಿದ್ದ ಪಟ್ಟಿಯನ್ನು ಎಳೆದೆ. ಅದು ಅರ್ಧಕ್ಕೆ ಬಿಗಿಯಿತು. ಮತ್ತೆ ಎಳೆದೆ, ಬರಲಿಲ್ಲ. ನೀಮಾ ತನ್ನ ಜಾಗದಿಂದ ನನ್ನ ಮೇಲೆ ಬಾಗಿ, ಪಟ್ಟಿಯನ್ನು ಮೆಲ್ಲಗೆ ಸಡಿಲಿಸಿ ಎದೆಗೆ ಅಡ್ಡಲಾಗಿ ತಂದು, ಚಿಕ್ಕ ಮಕ್ಕಳಿಗೆ ಹಾಕುವ ಹಾಗೆ ಕೊಂಡಿಗೆ ಒತ್ತಿ, ಕೂತಿತೋ ಇಲ್ಲವೋ ಎಂದು ಒಮ್ಮೆ ಎಳೆದು ನೋಡಿದಳು.

"ಹೋಗೋಣವಾ ಅಕ್ಕ?" ಎಂದು ಕೇಳಿ, ನಾನು ಹೂಂ ಎನ್ನುವವರೆಗೂ ಕಾದಳು.